ಲಂಡನ್ನಿನ ಮೇಳದಲ್ಲಿ ಬೇಸಿಗೆಯ ಕಾವೇರಿಯನ್ನು ಹುಡುಕುತ್ತಾ

ಯುದ್ಧದಾಟದ ಮೇಳಕ್ಕೆ ಹೋಗಿ ಚೀಲದ ತುಂಬ ಸೈನಿಕರನ್ನು ಹೊತ್ತು ತರುವುದೆಂದರೆ ದುಡ್ಡೂ ದಂಡ, ದಿನವೂ ದಂಡ ಎಂದು ನಾನು ಹೇಳಿದರೆ ಈ ಹವ್ಯಾಸದ ಗೆಳೆಯರಿಗೆ ಸಿಟ್ಟು ಬರುತ್ತದೆ. ಹಲವು ವರ್ಷ ನಾನೂ ಅದನ್ನೇ ಮಾಡಿದವನು. ಕಳೆದ ಏಪ್ರಿಲ್‌ನಲ್ಲಿ ಮೊದಲ ಸಲ ಒಬ್ಬನೇ ಒಬ್ಬ ಸೈನಿಕನನ್ನೂ ಕೊಳ್ಳದೆ ಮನೆಗೆ ಬಂದೆ. ಆ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ಮೇಳದಲ್ಲಿ ಕೊಳ್ಳಬೇಕಾದದ್ದು ನೆಲವನ್ನು. ಸೈನಿಕರು ಅಂಚೆಯಲ್ಲಿ ಬರುತ್ತಾರೆ.

ಈ ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಸಾಮಾನ್ಯವಾಗಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜಿನ ಮೇಲೆ 28 ಮಿಲಿಮೀಟರ್ ಎತ್ತರದ, ಕೈಯಾರೆ ಬಣ್ಣ ಬಳಿದ ಗೊಂಬೆ ಸೈನಿಕರನ್ನು ನಿಲ್ಲಿಸಿ, ಟೇಪಿನಿಂದ ದೂರ ಅಳೆದು, ದಾಳ ಉರುಳಿಸಿ ಹಳೆಯ ಕದನಗಳನ್ನು ಮತ್ತೆ ಆಡುವ ಆಟವಿದು. ಇನ್ನೂ ಚಿಕ್ಕ 15 ಮತ್ತು 6 ಮಿಲಿಮೀಟರ್‌ನ ಗೊಂಬೆಗಳಲ್ಲಿ ಆಡುವವರೂ ಇದ್ದಾರೆ. ಬೆಟ್ಟ, ನದಿ, ರಸ್ತೆ, ಮನೆ, ಮರ, ಬೇಲಿ ಇವೆಲ್ಲಕ್ಕೂ ಸೇರಿ ನಮ್ಮಲ್ಲಿ ಟೆರೇನ್ ಎನ್ನುತ್ತಾರೆ. ನಾನು ನೆಲ ಎನ್ನುತ್ತೇನೆ. ಇವೆಲ್ಲವೂ ಒಂದೇ ಸೂರಿನಡಿ ಸಿಗುವ ಜಾಗ ಸಲ್ಯೂಟ್ ಎಂಬ ಮೇಳ. ಸೌತ್ ಲಂಡನ್ ವಾರ್‌ಲಾರ್ಡ್ಸ್ ಎಂಬ ಹವ್ಯಾಸಿಗಳ ಸಂಘ 1972ರಲ್ಲಿ ಆರಂಭಿಸಿದ ಈ ಒಂದು ದಿನದ ಮೇಳ ಈಗ ಲಂಡನ್ನಿನ ಪೂರ್ವಕ್ಕಿರುವ ಎಕ್ಸೆಲ್ ಸಭಾಂಗಣದಲ್ಲಿ ನಡೆಯುತ್ತದೆ. ರೆಡಿಂಗ್‌ನಲ್ಲಿರುವ ನನಗೆ ಎಲಿಜಬೆತ್ ಲೈನಿನ ರೈಲು ಹತ್ತಿ ಕಸ್ಟಮ್ ಹೌಸ್‌ನಲ್ಲಿ ಇಳಿದರೆ ಸಭಾಂಗಣ ಎದುರಿಗೇ ಇದೆ.

ನನ್ನ ವಾದ ಸರಳವಾದದ್ದು. ನಾಟಿಂಗ್‌ಹ್ಯಾಮ್‌ನ ಪೆರಿ ಅಥವಾ ವಾರ್‌ಲಾರ್ಡ್ ಕಂಪನಿಯವರ ಪ್ಲಾಸ್ಟಿಕ್ ಸೈನಿಕರ ಪೆಟ್ಟಿಗೆ ಮೇಳದಲ್ಲಿ ಸಿಕ್ಕರೂ ಒಂದೇ, ಮನೆ ಬಾಗಿಲಿಗೆ ಬಂದರೂ ಒಂದೇ; ಒಳಗಿರುವ ಅಚ್ಚು ಬದಲಾಗುವುದಿಲ್ಲ. ನೆಲದ ಸಂಗತಿ ಹಾಗಲ್ಲ. ಕಂದು ಎಂದು ಮೊಬೈಲಿನ ಪರದೆಯಲ್ಲಿ ತೋರಿದ ಮ್ಯಾಟ್ ಮೇಜಿನ ಮೇಲೆ ಹಾಸಿದಾಗ ಗುಲಾಬಿಯಾಗಿ ಕಾಣುವುದುಂಟು. ಬೆಟ್ಟದ ಇಳಿಜಾರಿನಲ್ಲಿ ಗೊಂಬೆ ನಿಲ್ಲುತ್ತದೆಯೋ ಜಾರುತ್ತದೆಯೋ, ಮನೆಯ ಮಾಡು ಎತ್ತಿದರೆ ಒಳಗೆ ನಾಲ್ಕು ಜನ ಹಿಡಿಸುತ್ತಾರೋ ಇಲ್ಲವೋ, ನದಿಯ ತುಂಡುಗಳ ಅಂಚು ಒಂದಕ್ಕೊಂದು ಕೂಡುತ್ತದೆಯೋ ಇಲ್ಲವೋ ಎಂಬುದನ್ನು ಫೋಟೋ ನೋಡಿ ಹೇಳಲಾಗದು. ಮುಟ್ಟಿ, ಎತ್ತಿ, ಜೋಡಿಸಿಯೇ ತಿಳಿಯಬೇಕು.

ನೆಲಕ್ಕೆ ಮೊದಲ ಮಣೆ ಹಾಕಿದವನು ನಾನೇನಲ್ಲ. ಪ್ರಷ್ಯಾದ ಬ್ಯಾರನ್ ಫಾನ್ ರೈಸ್‌ವಿಟ್ಸ್ 1812ರಲ್ಲಿ ತನ್ನ ರಾಜ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮನಿಗೆ ಒಪ್ಪಿಸಿದ ಯುದ್ಧದಾಟ ಎಂದರೆ ಒಂದು ದೊಡ್ಡ ಮೇಜು. ಅದರ ಖಾನೆಗಳಲ್ಲಿ ನದಿ, ರಸ್ತೆ, ಊರು, ಗುಡ್ಡಗಳ ಚೌಕಾಕಾರದ ಬಿಲ್ಲೆಗಳಿದ್ದವು. ಬೇಕಾದ ಹಾಗೆ ಜೋಡಿಸಿ ಬೇಕಾದ ಸೀಮೆಯನ್ನು ಕಟ್ಟಿಕೊಳ್ಳಬಹುದಿತ್ತು. ಅದರಲ್ಲಿ ಸೈನ್ಯವೆಂದರೆ ಬರೀ ಚಿಕ್ಕ ಬಿಲ್ಲೆಗಳು, ಕೈಕಾಲುಳ್ಳ ಗೊಂಬೆಗಳಲ್ಲ. ಅವನ ಮಗ 1824ರ ಹೊತ್ತಿಗೆ ಮೇಜನ್ನು ಬಿಟ್ಟು ನಕಾಶೆಯ ಮೇಲೆ ಆಡಿಸತೊಡಗಿದ. ತಂದೆ ಮಕ್ಕಳಿಬ್ಬರಿಗೂ ಆಟವೆಂದರೆ ಮೊದಲು ನೆಲವೇ ಆಗಿತ್ತು.

ಈ ಸಲ ನಾನು ಕಟ್ಟಹೊರಟದ್ದು ಶ್ರೀರಂಗಪಟ್ಟಣವನ್ನು. 1799ರ ಮೇ 4ರಂದು ಮಧ್ಯಾಹ್ನ ಸುಮಾರು ಒಂದು ಗಂಟೆಯ ಹೊತ್ತಿಗೆ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಪಡೆಗಳು ಕಾವೇರಿಯನ್ನು ಕಾಲ್ನಡಿಗೆಯಲ್ಲಿ ದಾಟಿ, ಕೋಟೆಯ ವಾಯವ್ಯ ಭಾಗದಲ್ಲಿ ಫಿರಂಗಿಗಳು ಒಡೆದಿದ್ದ ಬಿರುಕಿಗೆ ನುಗ್ಗಿದವು. ಟಿಪ್ಪು ಮಡಿದದ್ದು ಅದೇ ದಿನ. ಈ ಕದನದ ಕೀಲಿಕೈ ಕೋಟೆಯಷ್ಟೇ ನದಿಯೂ ಹೌದು. ಮೇ ತಿಂಗಳ ಕಾವೇರಿಯಲ್ಲಿ ನೀರು ಕಡಿಮೆ, ಬಂಡೆ ಹೆಚ್ಚು. ಮಳೆ ಹಿಡಿದು ಹೊಳೆ ಏರಿದರೆ ಮುತ್ತಿಗೆಯೇ ಮುಗಿಯುತ್ತದೆ ಎಂಬ ಭಯ ಬ್ರಿಟಿಷ್ ದಂಡನಾಯಕ ಜನರಲ್ ಹ್ಯಾರಿಸ್‌ನನ್ನು ಅವಸರಿಸುತ್ತಿತ್ತು. ಆದ್ದರಿಂದ ನನಗೆ ಬೇಕಾದದ್ದು ಎರಡು ಬಂಡೆಗಳ ನಡುವೆ ಮೊಣಕಾಲುದ್ದ ನೀರು ನಿಂತ, ದಂಡೆಯ ಹುಲ್ಲು ಒಣಗಿದ ಹೊಳೆ.

ಅಂಥ ಹೊಳೆಯನ್ನು ಇಂಗ್ಲೆಂಡಿನಲ್ಲಿ ಯಾರು ಮಾರುತ್ತಾರೆ? ಮಳಿಗೆಯಿಂದ ಮಳಿಗೆಗೆ ಅಲೆದೆ. ಇದ್ದ ನದಿಗಳೆಲ್ಲ ಥೇಮ್ಸ್‌ನ ತಂಗಿಯರೇ: ನಡುವೆ ಕಡುನೀಲಿ ನೀರು, ಎರಡೂ ಕಡೆ ಎಳೆ ಹಸಿರು ದಂಡೆ. ಮನೆಗಳ ಸಾಲಿನಲ್ಲಿ ನಾರ್ಮಂಡಿಯ ಹೊಲಮನೆಗಳು, ಬಾಂಬಿಗೆ ಸಿಕ್ಕು ಮುರಿದ ಸ್ಟಾಲಿನ್‌ಗ್ರಾಡ್‌ನ ಗೋಡೆಗಳು, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಲೇಸರಿನಲ್ಲಿ ಕತ್ತರಿಸಿ ಮಾಡಿದ ಇಂಗ್ಲಿಷ್ ಪಬ್‌ಗಳು. ಆ ಎಂಡಿಎಫ್ ಮಳಿಗೆಗಳ ಹತ್ತಿರ ಹೋದರೆ ಸುಟ್ಟ ಮರದ ವಾಸನೆ ಹಿತವಾಗಿ ಮೂಗಿಗೆ ಬಡಿಯುತ್ತದೆ. ನಮಗೆ ಒಗ್ಗುವ ಸರಕು ಮರುಭೂಮಿ ಮತ್ತು ವಿಯೆಟ್ನಾಂ ಎಂಬ ಎರಡು ಮೂಲೆಗಳಲ್ಲಿ ಅವಿತಿತ್ತು. ಮೊದಲನೆಯದರಲ್ಲಿ ಒಣಮಣ್ಣಿನ ಮ್ಯಾಟು, ಎರಡನೆಯದರಲ್ಲಿ ತೆಂಗಿನ ಮರ.

ತೆಂಗಿನ ಮರದ ಲೆಕ್ಕ ಸ್ವಾರಸ್ಯವಾಗಿದೆ. 28 ಮಿಲಿಮೀಟರ್ ಗೊಂಬೆಗಳಿಗೆ ಸಾಮಾನ್ಯವಾಗಿ 1:56ರ ಪ್ರಮಾಣ ಹಿಡಿಯುತ್ತಾರೆ. ಹದಿನೈದು ಮೀಟರ್ ಎತ್ತರದ ತೆಂಗು ಆ ಲೆಕ್ಕದಲ್ಲಿ ಸುಮಾರು 27 ಸೆಂಟಿಮೀಟರ್ ಆಗಬೇಕು. ಅಲ್ಲಿದ್ದ ಮರ ಹನ್ನೆರಡು ಸೆಂಟಿಮೀಟರ್. ಅಂದರೆ ಇಪ್ಪತ್ತೆರಡು ಅಡಿಯ ಗಿಡ್ಡ ತಳಿ. ಮಾರುವವರದು ತಪ್ಪಲ್ಲ, ಪ್ರಮಾಣಕ್ಕೆ ಸರಿಯಾಗಿ ಮಾಡಿದರೆ ಆಟಗಾರನ ಮೊಣಕೈ ತಗುಲಿ ತೋಪೆಲ್ಲ ಉರುಳುತ್ತದೆ. ಎಂಟು ಮರ ಕೊಂಡೆ. ನಮ್ಮಜ್ಜಿ ದಸರಾ ಗೊಂಬೆ ಕೂರಿಸುವ ಮೊದಲೇ ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ಪೈರು ಬರಿಸಿ, ಕನ್ನಡಿಯ ಚೂರಿಟ್ಟು ಕೊಳ ಮಾಡುತ್ತಿದ್ದರು. ಅವರ ಪಾರ್ಕಿನಲ್ಲಿ ಪಟ್ಟದ ಗೊಂಬೆಗಿಂತ ಮರ ಗಿಡ್ಡವಾಗಿದ್ದರೂ ಯಾರೂ ಆಕ್ಷೇಪಿಸಿದ್ದು ನೆನಪಿಲ್ಲ.

ಈಗ ನನ್ನ ಸ್ವಂತ ಪೆದ್ದುತನದ ಕಥೆ. ಮೂರು ವರ್ಷದ ಹಿಂದೆ ಒಬ್ಬರ ಮಳಿಗೆಯಲ್ಲಿ ರಬ್ಬರಿನ ರಸ್ತೆಯ ತುಂಡುಗಳನ್ನು ಕಂಡು ಮರುಳಾದೆ. ಚಕ್ರದ ಜಾಡು, ನಡುವೆ ಹುಲ್ಲು, ಅಲ್ಲಲ್ಲಿ ಕುದುರೆಯ ಲದ್ದಿ ಕೂಡ ಇತ್ತು. ಆರು ಅಡಿಯಷ್ಟು ಕೊಂಡು ತಂದು ಹಾಸಿ ನೋಡಿದರೆ ರಸ್ತೆಯ ಅಗಲ 50 ಮಿಲಿಮೀಟರ್, ನನ್ನ ಫಿರಂಗಿಗಳ ಪೀಠದ ಅಗಲ 60. ಅಂದಿನಿಂದ ನನ್ನ ತೋಪಖಾನೆ ಚರಂಡಿಯಲ್ಲಿ ಒಂದು ಗಾಲಿ ಇಟ್ಟುಕೊಂಡೇ ಸಾಗುತ್ತಿದೆ. ಅದೇ ವರ್ಷ ಇನ್ನೊಂದು ಕಡೆ ಕೊಂಡ ರೆಸಿನ್ ಎಂಬ ಗಟ್ಟಿ ರಾಳದ ಗೋಡೆಗಳು ಎಷ್ಟು ಪೆಡಸಾಗಿದ್ದವೆಂದರೆ ರೈಲಿನಲ್ಲಿ ಚೀಲ ಕೆಳಗಿಡುವಷ್ಟರಲ್ಲಿ ಎರಡು ಮುರಿದಿದ್ದವು. ಬದಲಿ ಕೇಳಿ ಬರೆದ ಎರಡು ಪತ್ರಕ್ಕೂ ಉತ್ತರ ಬರಲಿಲ್ಲ. ಒಡೆದ ಗೋಡೆಯೂ ರಣರಂಗಕ್ಕೆ ಒಪ್ಪುತ್ತದೆ ಎಂದು ಸಮಾಧಾನ ಹೇಳಿದ ಗೆಳೆಯನನ್ನು ನಾನಿನ್ನೂ ಕ್ಷಮಿಸಿಲ್ಲ.

ಆದ್ದರಿಂದ ಈಗ ಮೇಳಕ್ಕೆ ಹೊರಡುವಾಗ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಸಿ ಒಬ್ಬ ಸಿಪಾಯಿ, ಒಬ್ಬ ಸವಾರ ಮತ್ತು ಒಂದು ಫಿರಂಗಿಯನ್ನು ಕರೆದೊಯ್ಯುತ್ತೇನೆ. ಬಾಗಿಲ ಪಕ್ಕ ಸಿಪಾಯಿಯನ್ನು ನಿಲ್ಲಿಸಿದರೆ ಮನೆಯ ಅಳತೆ ತಿಳಿಯುತ್ತದೆ, ಸೇತುವೆಯ ಮೇಲೆ ಫಿರಂಗಿ ಇಟ್ಟರೆ ಸೇತುವೆಯ ಯೋಗ್ಯತೆ ತಿಳಿಯುತ್ತದೆ. 28 ಮಿಲಿಮೀಟರ್ ಎಂದು ಚೀಟಿ ಅಂಟಿಸಿದ ಮನೆಯ ಬಾಗಿಲು ಸಿಪಾಯಿಯ ಎದೆಗೆ ಬಂದದ್ದನ್ನು ಈ ಸಲ ಎರಡು ಕಡೆ ಕಂಡೆ. ಅಂಗಡಿಯವರು ನಕ್ಕರು, ಆದರೆ ಅಳೆಯಲು ಬಿಟ್ಟರು.

ಇನ್ನು ಚಿಲ್ಲರೆ ಸಾಮಾನು. ಬಣ್ಣ ಎಲ್ಲ ಕಡೆ ಸಿಗುತ್ತದೆ, ಅದಕ್ಕಾಗಿ ಸಾಲಿನಲ್ಲಿ ನಿಲ್ಲಬೇಡಿ. ಆದರೆ ಕುಂಚವನ್ನು ಮೇಳದಲ್ಲೇ ಕೊಳ್ಳಿ. ಒಳ್ಳೆಯ ಅಂಗಡಿಯವರು ಒಂದು ಲೋಟ ನೀರಿಟ್ಟಿರುತ್ತಾರೆ. ಅದ್ದಿ ಕೊಡವಿದಾಗ ಕೂದಲು ಒಂದೇ ಮೊನೆಗೆ ಕೂಡದಿದ್ದರೆ ಎಷ್ಟೇ ಹೆಸರಾಂತ ಕುಂಚವಾದರೂ ವಾಪಸು ಇಡಿ. ಬೆಂಗಳೂರಿನ ಗೆಳೆಯರು ಊರಿಗೆ ಬರುವಾಗ ಪ್ರೈಮರ್, ಅಂದರೆ ಗೊಂಬೆಗೆ ಮೊದಲ ಪದರವಾಗಿ ಹೊಡೆಯುವ ಬಣ್ಣದ ಸ್ಪ್ರೇ ಡಬ್ಬಿ ತಾ ಎನ್ನುತ್ತಾರೆ. ಬಣ್ಣದ ಸ್ಪ್ರೇಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ದಯವಿಟ್ಟು ಕೇಳಬೇಡಿ.

ನಾನು ಹೆಚ್ಚು ಹೊತ್ತು ನಿಂತದ್ದು ಹುಲ್ಲಿನ ಮಳಿಗೆಯಲ್ಲಿ. ಸ್ಟ್ಯಾಟಿಕ್ ಗ್ರಾಸ್ ಎಂದರೆ ಎರಡು, ನಾಲ್ಕು, ಆರು ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿದ ನೈಲಾನ್ ಎಳೆಗಳು. ಅಲ್ಲಿದ್ದ ಹಿರಿಯರು ಹಲಗೆಯ ಮೇಲೆ ಅಂಟು ಬಳಿದು, ತಂತಿಯ ಒಂದು ತುದಿಯನ್ನು ಹಸಿ ಅಂಟಿಗೆ ಸೋಕಿಸಿ, ಜರಡಿಯಂಥ ಉಪಕರಣವನ್ನು ಮೇಲೆ ಹಿಡಿದು ಅಲುಗಿಸಿದರು. ವಿದ್ಯುತ್ತಿನ ಸೆಳೆತಕ್ಕೆ ಎಳೆಗಳು ಕೆಳಗೆ ಬಿದ್ದು ಮಲಗದೆ ನೆಟ್ಟಗೆ ನಿಂತವು; ಬೋಳು ಹಲಗೆಯ ಮೇಲೆ ನೋಡನೋಡುತ್ತಿದ್ದಂತೆ ಹುಲ್ಲು ಎದ್ದಿತು. ಹಸಿರು ಪೊಟ್ಟಣಗಳಿಗೆ ಜನ ಮುಗಿಬಿದ್ದಿದ್ದರು. ಇಲ್ಲಿಯವರು ಶರತ್ಕಾಲಕ್ಕೆಂದು ಬಳಸುವ ಒಣಹುಲ್ಲಿನ ಬಣ್ಣದ ಪೊಟ್ಟಣ ಹಿಂದಿನ ಸಾಲಿನಲ್ಲಿತ್ತು. ನಮ್ಮ ಮಂಡ್ಯದ ಮೇ ತಿಂಗಳು ಅದರಲ್ಲಿತ್ತು. ಮೂರು ಪೊಟ್ಟಣ ತೆಗೆದುಕೊಂಡೆ.

ನದಿ ಮಾತ್ರ ಕೊನೆಗೂ ಸಿಗಲಿಲ್ಲ. ಅದರ ಬದಲು ಒಣಮಣ್ಣಿನ ಮ್ಯಾಟು, ಒಂದು ಚೀಲ ಪೈನ್ ಮರದ ತೊಗಟೆ ಮತ್ತು ನೀರಿನ ಹೊಳಪು ಕೊಡುವ ವಾರ್ನಿಷ್ ಕೊಂಡೆ. ತೊಗಟೆಯನ್ನು ಮುರಿದು ಬೂದು ಬಣ್ಣ ಬಳಿದರೆ ಬಂಡೆಯಾಗುತ್ತದೆ. ಸುರುಳಿ ಸುತ್ತಿದ ಆರು ಅಡಿಯ ಮ್ಯಾಟನ್ನು ಹೆಗಲ ಮೇಲೆ ಹೊತ್ತು ಮನೆ ಹೊಕ್ಕಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಎಲ್ಲಿ ಇಡ್ತೀರಿ?" ಸೈನಿಕರಾಗಿದ್ದರೆ ಕಪಾಟಿನ ಹಿಂದೆ ಅಡಗಿಸಬಹುದಿತ್ತು. ನನ್ನ ವಾದದಲ್ಲಿರುವ ಒಂದೇ ದೋಷ ಇದು, ಒಪ್ಪಿಕೊಳ್ಳುತ್ತೇನೆ.

ಸದ್ಯ ಮ್ಯಾಟು ಮಂಚದ ಕೆಳಗಿದೆ, ಅರ್ಧ ಹೊಳೆ ಊಟದ ಮೇಜಿನ ಮೇಲಿದೆ. ಕೋಟೆಯ ಮುಂದಿನ ಕಂದಕಕ್ಕೆ ಇನ್ನೂ ಎರಡು ಅಡಿ ಕಲ್ಲಿನ ಗೋಡೆ ಬೇಕು. ಅದರ ಎತ್ತರವನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಸಿಪಾಯಿಯ ಕಾಲ ಕೆಳಗೆ ಇಟ್ಟಿದ್ದೇನೆ, ಮುಂದಿನ ಏಪ್ರಿಲ್‌ಗೆ.