ಅಡಿಸ್ ಅಬಾಬಾದಲ್ಲಿ ಕೇಳಿದ ಮೋಹನ

ಇಥಿಯೋಪಿಯಾ ಪ್ರವಾಸದ ಬಗ್ಗೆ ನಾನು ಓದಿದ ಲೇಖನವೊಂದು ಅಡಿಸ್ ಅಬಾಬಾದ ಸಂಗೀತವನ್ನು ಜಾಝ್‌ನ ಒಂದು ಕವಲೆಂದಷ್ಟೇ ಹೇಳಿ ಮುಂದೆ ಸಾಗಿರುವುದರಿಂದ ಈ ಮಾತುಗಳನ್ನು ಸೇರಿಸುತ್ತಿದ್ದೇನೆ. ಅಲ್ಲಿನ ಹಾಡುಗಳ ಬೇರು ಐದು ಸ್ವರಗಳ ಸಾಂಪ್ರದಾಯಿಕ ಶ್ರೇಣಿಗಳಲ್ಲಿದೆ. ಅವುಗಳಲ್ಲಿ ತಿಜಿತಾ ಎಂಬ ಶ್ರೇಣಿಯ ಒಂದು ರೂಪಕ್ಕೆ ನಮ್ಮ ಮೋಹನ ರಾಗದ ಸ್ವರಗಳೇ ಇರುವುದರಿಂದ, ಸಣ್ಣ ಹೋಟೆಲೊಂದರಲ್ಲಿ ಗಾಯಕಿಯೊಬ್ಬರು ಮಸಿಂಕೋ ಎಂಬ ಒಂಟಿ ತಂತಿಯ ವಾದ್ಯದೊಂದಿಗೆ ಹಾಡತೊಡಗಿದಾಗ ಭಾಷೆ ತಿಳಿಯದ ನನಗೂ ಆ ಸಂಚಾರ ಪರಿಚಿತವೆನಿಸಿತು. ಗಮಕದ ರೀತಿ ಮಾತ್ರ ಪೂರ್ತಿ ಬೇರೆ, ಸ್ವರ ಗಂಟಲಿನಲ್ಲೇ ನಡುಗುತ್ತದೆ. ಇಥಿಯೋಪಿಯಾದ ಸಂಗೀತಗಾರ ಮುಲಾತು ಅಸ್ತಾತ್ಕೆ ಇದೇ ಶ್ರೇಣಿಗಳನ್ನು ವೈಬ್ರಾಫೋನ್, ಸ್ಯಾಕ್ಸೋಫೋನ್‌ನಂತಹ ಪಾಶ್ಚಾತ್ಯ ವಾದ್ಯಗಳಿಗೆ ಒಗ್ಗಿಸಿದರು. 1974ರ ನಂತರದ ಸೇನಾ ಆಡಳಿತದಲ್ಲಿ ರಾತ್ರಿ ಕರ್ಫ್ಯೂ ಬಂದು ಕ್ಲಬ್ಬುಗಳು ಸೊರಗಿದವು. 1997ರಲ್ಲಿ ‘ಇಥಿಯೋಪಿಕ್ಸ್’ ಎಂಬ ಆಲ್ಬಮ್‌ಗಳ ಸರಣಿ ಆರಂಭವಾದ ಮೇಲೆ ಆ ಸಂಗೀತದ ಹಳೆಯ ಧ್ವನಿಮುದ್ರಣಗಳು ಹೊರದೇಶಗಳ ಕೇಳುಗರನ್ನು ಮತ್ತೆ ತಲುಪಿದವು. ಅಲ್ಲಿಗೆ ಹೊರಡುವವರು ಇಥಿಯೋಪಿಯಾದ ಗಾಯಕ ಮಹ್ಮೂದ್ ಅಹ್ಮದ್ ಅವರ 1970ರ ದಶಕದ ಹಾಡುಗಳನ್ನು ಮೊದಲೇ ಕೇಳಿಕೊಂಡು ಹೋಗಬೇಕೆಂದು ಕೋರುತ್ತೇನೆ.