ಕಿಟ್ಟೆಲ್ ಓದಿದ ಸೀಮೆಯ ಶಾಲೆ, ನಮ್ಮ ಪಿಯುಸಿ

ಕಿಟ್ಟೆಲ್ ಅಂದ ತಕ್ಷಣ ನಮಗೆಲ್ಲ ಮಂಗಳೂರು, ಧಾರವಾಡ, 1894ರ ಆ ದಪ್ಪ ನಿಘಂಟು ನೆನಪಾಗುತ್ತವೆ. ಅವರು ಶಾಲೆ ಓದಿದ್ದು ಎಲ್ಲಿ ಅಂತ ಕೇಳಿದರೆ ಹೇಳುವವರು ಕಡಿಮೆ. ಜರ್ಮನಿಯ ವಾಯುವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ಪಕ್ಕ, ಓಸ್ಟ್‌ಫ್ರೀಸ್‌ಲಾಂಡ್ ಅಂತ ಒಂದು ಸೀಮೆ ಇದೆ. ಗುಡ್ಡ ಅನ್ನುವುದೇ ಇಲ್ಲ, ಕಣ್ಣು ಹಾಯುವಷ್ಟು ದೂರ ಹುಲ್ಲು, ಹಸು, ಗಾಳಿಯಂತ್ರ. ಇಲ್ಲಿನ ರೆಸ್ಟರ್‌ಹಾಫ ಎಂಬ ಹಳ್ಳಿಯಲ್ಲಿ 1832ರಲ್ಲಿ ಪಾದ್ರಿಯ ಮನೆಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ ಓದಿದ್ದು ಔರಿಷ್ ಪಟ್ಟಣದ ಗಿಮ್ನಾಸಿಯುಮ್‌ನಲ್ಲಿ. ಗಿಮ್ನಾಸಿಯುಮ್ ಅಂದರೆ ವಿಶ್ವವಿದ್ಯಾಲಯದ ಓದಿಗೆ ಸಜ್ಜು ಮಾಡುವ ಶಾಲೆ. ಲ್ಯಾಟಿನ್, ಗ್ರೀಕ್, ಹೀಬ್ರೂ ಎಲ್ಲ ಆ ವಯಸ್ಸಿನಲ್ಲೇ ಕಲಿತರು. 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇನ್ನೂ 21.

ನಾನು ಗಾಳಿಯಂತ್ರದ ಕೆಲಸದ ಮೇಲೆ ಇದೇ ಸೀಮೆಗೆ ಬಂದು ಸಂಸಾರ ಹೂಡಿದವನು. ಮಗಳು ಪಕ್ಕದ ಪಟ್ಟಣದ ಗಿಮ್ನಾಸಿಯುಮ್‌ನಲ್ಲಿ 12ನೇ ತರಗತಿ. ಅಣ್ಣನ ಮಗ ದಾವಣಗೆರೆಯಲ್ಲಿ ಎರಡನೇ ಪಿಯುಸಿ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಹಾಗಾಗಿ ಹೋಲಿಕೆ ನಾನು ಬೇಡ ಅಂದರೂ ಮನಸ್ಸಿಗೆ ಬಂದೇ ಬರುತ್ತದೆ. ಜರ್ಮನಿಯಲ್ಲಿ ಎಲ್ಲವೂ ಚೆನ್ನ, ನಮ್ಮಲ್ಲಿ ಎಲ್ಲವೂ ಕೆಟ್ಟದ್ದು ಅಂತ ಬರೆಯಲು ಕೂತಿಲ್ಲ. ಒಂದೇ ಒಂದು ವಿಷಯ, ತರಗತಿಯಲ್ಲಿ ಮಕ್ಕಳು ಆಡುವ ಮಾತಿಗೂ ಅಂಕ ಕೊಡುವುದು, ನಮ್ಮ ಪಿಯು ಕಾಲೇಜುಗಳಿಗೆ ಬರಬೇಕು ಅಂತ ನನಗೆ ಬಲವಾಗಿ ಅನಿಸಿದೆ. ಅದನ್ನು ಬಿಡಿಸಿ ಹೇಳುವುದಕ್ಕೆ ಮುಂಚೆ ಸ್ವಲ್ಪ ಹಿಂದಿನ ಕಥೆ.

ಕಿಟ್ಟೆಲ್ ಓದಿದ ಶಾಲೆಯ ಹೆಸರು ಉಲ್ರಿಸಿಯಾನುಮ್. 1646ರಲ್ಲಿ ಇಲ್ಲಿನ ದೊರೆ ಎರಡನೇ ಉಲ್ರಿಷ್ ಶುರು ಮಾಡಿದ ಲ್ಯಾಟಿನ್ ಶಾಲೆ ಅದು. ಆಗ ಯುರೋಪಿನಲ್ಲಿ ಮೂವತ್ತು ವರ್ಷದ ಯುದ್ಧ ಇನ್ನೂ ಮುಗಿದಿರಲಿಲ್ಲ, ಈ ಸೀಮೆಯಲ್ಲೂ ಪರದೇಶದ ಸೈನಿಕರು ಬೀಡುಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಶಾಲೆ ತೆರೆಯಬೇಕು ಅಂತ ಒಬ್ಬರಿಗೆ ಅನಿಸಿತಲ್ಲ, ಅದು ದೊಡ್ಡದು. ಔರಿಷ್‌ನಲ್ಲೇ ಹುಟ್ಟಿ ಇದೇ ಶಾಲೆಯಲ್ಲಿ ಓದಿದ ತತ್ವಜ್ಞಾನಿ ರುಡಾಲ್ಫ್ ಆಯ್ಕೆನ್‌ಗೆ 1908ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಶಾಲೆ ಇಂದಿಗೂ ನಡೆಯುತ್ತಿದೆ.

ಶಾಲೆ ಮುಗಿಸುವಾಗಿನ ಪರೀಕ್ಷೆಗೆ ಇಲ್ಲಿ ಅಬಿಟೂರ್ ಅಂತಾರೆ. ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾ ಅದಕ್ಕೆ ಮೊದಲ ಸಲ ನಿಯಮ ಮಾಡಿದ್ದು 1788ರಲ್ಲಿ. ಆಗ ಈ ಸೀಮೆಯೂ ಪ್ರಷ್ಯಾದ ಕೈಯಲ್ಲೇ ಇತ್ತು. ಆದರೆ ನೂರು ವರ್ಷಕ್ಕೂ ಮೇಲೆ ಅದು ಗಂಡುಮಕ್ಕಳ ಪರೀಕ್ಷೆ. ಇಲ್ಲಿಂದ ಅಷ್ಟೇನೂ ದೂರವಿಲ್ಲದ ಓಲ್ಡನ್‌ಬುರ್ಗ್‌ನಲ್ಲಿ ಹುಟ್ಟಿದ ಹೆಲೆನ ಲಾಂಗ ಎಂಬ ಟೀಚರ್ ಬರ್ಲಿನ್‌ನಲ್ಲಿ ಹುಡುಗಿಯರಿಗೆ ತಾವೇ ಪಾಠ ಶುರು ಮಾಡಿದರು, ಆ ಹುಡುಗಿಯರಲ್ಲಿ 6 ಜನ 1896ರಲ್ಲಿ ಅಬಿಟೂರ್ ಪಾಸಾದರು. ಮಗಳು ಬೆಳಿಗ್ಗೆ ಮಳೆಯಲ್ಲೇ ಸೈಕಲ್ ಹತ್ತಿ ಶಾಲೆಗೆ ಹೋಗುವಾಗ ಆ ಆರು ಜನ ನನಗೆ ನೆನಪಾಗುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಾವಿರುವ ಜರ್ಮನಿಯ ರಾಜ್ಯ ನೀಡರ್‌ಸಾಕ್ಸನ್‌ನಲ್ಲಿ ಗಿಮ್ನಾಸಿಯುಮ್ ಅಂದರೆ 5ರಿಂದ 13ನೇ ತರಗತಿ. ಅಬಿಟೂರ್‌ಗೆ ಒಟ್ಟು 900 ಅಂಕ. ಇದರಲ್ಲಿ 600 ಅಂಕ 12 ಮತ್ತು 13ನೇ ತರಗತಿಯ ನಾಲ್ಕು ಅರ್ಧವರ್ಷಗಳಿಂದ ಬರುತ್ತದೆ, ಕೊನೆಯ 5 ಪರೀಕ್ಷೆಗಳಿಂದ ಬರುವುದು 300 ಮಾತ್ರ. ಅಂದರೆ ಪರೀಕ್ಷೆ ದಿನ ಜ್ವರ ಬಂದರೂ, ತಲೆ ಓಡದಿದ್ದರೂ ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ ಆಗುವುದಿಲ್ಲ. ಐದರಲ್ಲಿ ಒಂದು ಪರೀಕ್ಷೆ ಬಾಯಲ್ಲೇ ಹೇಳುವಂಥದ್ದು, ಟೀಚರುಗಳ ಎದುರು ಕೂತು.

ಇನ್ನು ಆ 600 ಅಂಕ ಹೇಗೆ ಬರುತ್ತದೆ ಅನ್ನುವುದು ಇದಕ್ಕಿಂತ ಮುಖ್ಯ. ಪ್ರತಿ ವಿಷಯಕ್ಕೂ 15ಕ್ಕೆ ಇಷ್ಟು ಅಂತ ಅಂಕ. ಬರೆದ ಪರೀಕ್ಷೆ ಅದರಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದು ತರಗತಿಯಲ್ಲಿ ಎಷ್ಟು ಮಾತಾಡಿದೆ, ಏನು ಕೇಳಿದೆ, ಇನ್ನೊಬ್ಬರು ಹೇಳಿದ್ದಕ್ಕೆ ಏನು ಸೇರಿಸಿದೆ ಅನ್ನುವುದಕ್ಕೆ. ಎಷ್ಟೋ ವಿಷಯಗಳಲ್ಲಿ ಇದೇ ಅರ್ಧ ಅಥವಾ ಅದಕ್ಕಿಂತ ಜಾಸ್ತಿ. ಸುಮ್ನೆ ತಲೆಯಾಡಿಸಿಕೊಂಡು ಕೂತರೆ ಇಲ್ಲಿ ಅಂಕ ಬೀಳುವುದಿಲ್ಲ.

ಮಗಳಿಗೆ ಇತಿಹಾಸದಲ್ಲಿ ಬರವಣಿಗೆಗೆ 12, ಮಾತಿಗೆ 6 ಬಂದಿತ್ತು. ಪೋಷಕರ ದಿನ ಟೀಚರ್ ಹತ್ತಿರ ಹೋದೆವು, ಅವಳೂ ಜೊತೆಗಿದ್ದಳು. ಟೀಚರ್ ನಮ್ಮ ಕಡೆ ನೋಡದೆ ಅವಳನ್ನೇ ಕೇಳಿದರು, "ನಿನಗೆ ಉತ್ತರ ಗೊತ್ತಿರುತ್ತೆ, ನಿನ್ನ ಪೇಪರ್ ಓದಿದರೆ ತಿಳಿಯುತ್ತೆ. ಮತ್ಯಾಕೆ ನಮಗೆ ಹೇಳಲ್ಲ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪಾದರೆ ಅಂತ" ಅಂದಳು. ಟೀಚರ್ ತಮ್ಮ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ಪ್ರತಿ ಪಾಠದ ದಿನಾಂಕದ ಎದುರು ಒಬ್ಬೊಬ್ಬರ ಹೆಸರಿಗೂ ಸಣ್ಣ ಸಣ್ಣ ಗುರುತು. ತಪ್ಪು ಉತ್ತರಕ್ಕೆ ಅಂತ ಅದರಲ್ಲಿ ಗುರುತೇ ಇರಲಿಲ್ಲ. ಯೋಚಿಸಿ ಹೇಳಿದ್ದಾರಾ ಇಲ್ಲವಾ, ಅಷ್ಟೇ. ಮುಂದಿನ ಅರ್ಧವರ್ಷಕ್ಕೆ ಅವಳ ಮಾತಿನ ಅಂಕ 10 ಆಯಿತು. ಈಗ ಊಟದ ಹೊತ್ತಲ್ಲಿ ನನ್ನ ಜೊತೆಯೂ ವಾದ ಮಾಡುತ್ತಾಳೆ, ಕಾರಣ ಕೊಟ್ಟು, ದನಿ ಏರಿಸದೆ. ನನಗೆ ಅದು ತುಂಬ ಹಿಡಿಸಿದೆ.

ನಮ್ಮ ಹುಡುಗ ದಾವಣಗೆರೆಯಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಕಾಲೇಜು, ಆಮೇಲೆ ಅಲ್ಲೇ ಸಿಇಟಿ, ನೀಟ್ ಕೋಚಿಂಗ್, ರಾತ್ರಿ ಸ್ಟಡಿ ಅವರ್ಸ್. ಫೋನ್ ಮಾಡಿದಾಗ "ಚಿಕ್ಕಪ್ಪ, ಕ್ಲಾಸಲ್ಲಿ ಡೌಟ್ ಕೇಳೋಕೆ ಟೈಮೇ ಇರಲ್ಲ, ಪೋರ್ಷನ್ ಮುಗೀಬೇಕು" ಅಂದ. ಲೆಕ್ಚರರ್‌ಗಳನ್ನು ಬೈದು ಪ್ರಯೋಜನ ಇಲ್ಲ, ಒಂದೊಂದು ಸೆಕ್ಷನ್‌ನಲ್ಲಿ 80-90 ಮಕ್ಕಳಿದ್ದರೆ ಯಾರನ್ನು ಅಂತ ಮಾತಾಡಿಸುತ್ತಾರೆ? ಈಗ ಪಿಯುಸಿ ಪರೀಕ್ಷೆಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಕೊಟ್ಟಿರುವುದು ಒಳ್ಳೆಯದೇ ಆಯಿತು, ಒಂದೇ ದಿನದ ಭಯ ಸ್ವಲ್ಪ ಇಳಿದಿದೆ. ಆದರೆ ಎಷ್ಟು ಸಲ ಬರೆದರೂ ಬರೆಯುವುದು ಬರೆಯುವುದೇ. ಎರಡು ವರ್ಷದಲ್ಲಿ ಒಂದು ಸಲವೂ ಎದ್ದು ನಿಂತು ತನ್ನ ಅಭಿಪ್ರಾಯ ಹೇಳದೆ ರ‍್ಯಾಂಕ್ ತೆಗೆಯಬಹುದು. ಆಮೇಲೆ ಕೆಲಸದ ಇಂಟರ್‌ವ್ಯೂನಲ್ಲಿ ಆ ಮಗು ಬಾಯಿ ಬಿಡಲಿಲ್ಲ ಅಂತ ನಾವೇ ದೂರುತ್ತೇವೆ.

ಶಾಲೆಯ ವ್ಯವಹಾರದಲ್ಲೂ ಇಲ್ಲಿನ ಮಕ್ಕಳಿಗೆ ಮಾತಿದೆ. ನೀಡರ್‌ಸಾಕ್ಸನ್‌ನ ಕಾನೂನಿನ ಪ್ರಕಾರ ಶಾಲೆಯ ಆಡಳಿತ ಮಂಡಳಿಯಲ್ಲಿ ಅರ್ಧ ಟೀಚರುಗಳು, ಕಾಲು ಭಾಗ ಪೋಷಕರು, ಕಾಲು ಭಾಗ ವಿದ್ಯಾರ್ಥಿಗಳು. ಓಟು ಹಾಕುವ ಹಕ್ಕಿನ ಸಮೇತ. ಕೊನೆಯ ವರ್ಷದವರು ಬಿಡುವಿನಲ್ಲಿ ಕೇಕ್, ವಾಫಲ್ ಮಾರಿ ತಮ್ಮ ಬೀಳ್ಕೊಡುಗೆ ಸಮಾರಂಭಕ್ಕೆ ದುಡ್ಡು ಕೂಡಿಸುತ್ತಾರೆ, ಲೆಕ್ಕ ಇಡುವವರೂ ಅವರೇ. ಪರೀಕ್ಷೆ ಹಾಲ್‌ನಲ್ಲಿ ಡೆಸ್ಕಿನ ಮೇಲೆ ನೀರಿನ ಬಾಟಲಿ, ಹೆಚ್ಚಿದ ಸೇಬು, ಕ್ಯಾರೆಟ್ ಇಟ್ಟುಕೊಂಡು ನಾಲ್ಕೈದು ಗಂಟೆ ಬರೆಯುತ್ತಾರೆ. ಹಸಿವಾದರೆ ತಿನ್ನಬಹುದು. ಮಕ್ಕಳನ್ನು ನಂಬುವ ರೀತಿ ಅದು.

ಆದರೆ ಇಲ್ಲಿನ ಒಂದು ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಅದನ್ನು ಮುಚ್ಚಿಟ್ಟು ಹೊಗಳಿದರೆ ಸರಿ ಅಲ್ಲ. ನಾಲ್ಕನೇ ತರಗತಿ ಮುಗಿದ ಕೂಡಲೇ, ಅಂದರೆ ಹತ್ತು ವರ್ಷಕ್ಕೇ, ಮಕ್ಕಳು ಬೇರೆಬೇರೆ ಶಾಲೆಗಳಿಗೆ ಹಂಚಿಹೋಗುತ್ತಾರೆ. ಒಬ್ಬರು ಗಿಮ್ನಾಸಿಯುಮ್‌ಗೆ, ಇನ್ನೊಬ್ಬರು ಹತ್ತನೇ ತರಗತಿಗೆ ಮುಗಿಯುವ ರೆಯಾಲ್‌ಶೂಲೆಗೆ. ನಾವಿರುವ ಈ ಜರ್ಮನ್ ರಾಜ್ಯದಲ್ಲಿ ಕೊನೆಯ ತೀರ್ಮಾನ ಪೋಷಕರದ್ದು ಅಂತ ಇದೆ, ನಡುವೆ ದಾಟಲು ದಾರಿಯೂ ಇದೆ, ಎಲ್ಲರೂ ಕೂಡಿ ಓದುವ ಶಾಲೆಗಳೂ ಇವೆ. ಆದರೂ ಮನೆಯಲ್ಲಿ ಜರ್ಮನ್ ಆಡದ, ಅಪ್ಪ ಅಮ್ಮನಿಗೆ ಈ ವ್ಯವಸ್ಥೆ ಗೊತ್ತಿಲ್ಲದ ಮಗುವಿಗೆ ಹತ್ತು ವರ್ಷ ಬಹಳ ಬೇಗ. ಹೊಸದಾಗಿ ಬಂದ ನಮ್ಮ ಕನ್ನಡದ ಕುಟುಂಬಗಳಲ್ಲೇ ಮಗು ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಈ ಚಿಂತೆ ಶುರು. ಕರ್ನಾಟಕದಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿವರೆಗೂ ಎಲ್ಲರ ಪಠ್ಯವೂ ಒಂದೇ, ಬಾಗಿಲು ಹದಿನಾರರವರೆಗೂ ತೆರೆದಿರುತ್ತದೆ. ಈ ವಿಷಯದಲ್ಲಿ ಜರ್ಮನಿಯವರು ನಮ್ಮಿಂದ ಕಲಿಯಬೇಕು ಅಂತ ನನ್ನ ಆಫೀಸಿನಲ್ಲೂ ಹೇಳಿದ್ದೇನೆ.

ಹಾಗಾದರೆ ಪಿಯು ಕಾಲೇಜುಗಳಿಗೆ ಏನು ಬರಬೇಕು? 600 ಅಂಕದ ಲೆಕ್ಕವನ್ನೇ ಎತ್ತಿ ತರಲಾಗುವುದಿಲ್ಲ, ಅಷ್ಟು ದೊಡ್ಡ ಸೆಕ್ಷನ್‌ಗಳಲ್ಲಿ ಅದು ನಡೆಯದು. ಪಕ್ಷಪಾತದ ದೂರು ಬರುತ್ತದೆ ಅನ್ನುವುದೂ ಖರೆ, ಇಲ್ಲೂ ಆ ಗೊಣಗಾಟ ಇದೆ. ಆದರೆ ವಾರಕ್ಕೆ ಒಂದು ಪೀರಿಯಡ್, ಸೆಕ್ಷನ್ನನ್ನು ಮೂರು ಗುಂಪು ಮಾಡಿ, ಕನ್ನಡದಲ್ಲೋ ಇತಿಹಾಸದಲ್ಲೋ ಒಂದು ಪ್ರಶ್ನೆ ಇಟ್ಟು ಮಾತಾಡಿಸಬಹುದು ಅಲ್ವಾ? ಈಗಿರುವ ಇಂಟರ್ನಲ್ಸ್‌ನಲ್ಲೇ ಐದು ಅಂಕ ಅದಕ್ಕೆ ಕೊಡಲಿ. ತಪ್ಪು ಉತ್ತರಕ್ಕೆ ಅಂಕ ಕಡಿಯಬಾರದು, ಆ ನಿಯಮ ಮಾತ್ರ ಗಟ್ಟಿಯಾಗಿರಬೇಕು. ಸಾಮಾನ್ಯ ಸರ್ಕಾರಿ ಕಾಲೇಜಿನಲ್ಲಿ, ಮಕ್ಕಳು ಕಡಿಮೆ ಇರುವ ಕಲಾ ವಿಭಾಗದಿಂದಲೇ ಶುರು ಮಾಡಲಿ. ಅಲ್ಲಿ ಕೋಚಿಂಗ್‌ನ ಗಡಿಬಿಡಿ ಇಲ್ಲ, ಜಾಗ ಇದೆ, ಮಾತಾಡಲು ಮಕ್ಕಳೂ ಇದ್ದಾರೆ.