ಪಲ್ಪರ್ ಮನೆಯ ಗೋಡೆಯ ಮೇಲಿನ ಎರಡು ಸಾಲು

ಕಳೆದ ತಿಂಗಳು ಒಂದು ರಾತ್ರಿ ನಮ್ಮ ತಂಡದ ಟೆಸ್ಟ್ ಡೇಟಾ ಪೂರ್ತಿ ಅಳಿಸಿಹೋಯಿತು. ಎರಡು ದಿನದ ಕೆಲಸ. ಅಳಿಸಿದ್ದು ಎಐ ಏಜೆಂಟ್, ಅಂದರೆ ಕಮಾಂಡ್‌ಗಳನ್ನು ತಾನೇ ಓಡಿಸಿ ಕೆಲಸ ಮಾಡುವ ಎಐ ಪ್ರೋಗ್ರಾಂ. ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರೂ ಅದನ್ನೇ ಬೈದರು. ಮೀಟಿಂಗ್ ಮುಗಿದ ಮೇಲೆ ಸೋಮವಾರಪೇಟೆ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಕೂತು ಲಾಗ್, ಅಂದರೆ ಏಜೆಂಟ್ ಮಾಡಿದ್ದರ ದಾಖಲೆ, ಪೂರ್ತಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಬೈಯುವ ಮನಸ್ಸು ಹೋಗಿತ್ತು. ತಪ್ಪು ನಾನೇ ಬರೆದ ಟೂಲ್‌ನಲ್ಲಿತ್ತು.

ಆಗಿದ್ದಿಷ್ಟು. ಹೊಸ ಟೇಬಲ್ ಸೇರಿಸಲು ಏಜೆಂಟ್ ನಮ್ಮ ಕಮಾಂಡ್ ಓಡಿಸಿದೆ. ಕಮಾಂಡ್ 'ಮುಂದುವರಿಸಲೇ?' ಅಂತ ಕೇಳಿದೆ. ಉತ್ತರ ಟೈಪ್ ಮಾಡಲು ಅಲ್ಲಿ ಯಾರೂ ಇಲ್ಲ. ಕಾದು ಕಾದು ಟೈಮ್‌ಔಟ್ ಆಗಿದೆ. ಆಗ ಬಂದ ಎರರ್ ಹೀಗಿತ್ತು: 'ಒಪ್ಪಿಗೆ ಸಿಕ್ಕಿಲ್ಲ. ಬೇಕಿದ್ದರೆ ಫೋರ್ಸ್ ಬಳಸಿ.' ಎರರ್ ಹೇಳಿದ ಹಾಗೆಯೇ ಏಜೆಂಟ್ ಮಾಡಿದೆ. ಕಮಾಂಡ್‌ಗೆ ಫೋರ್ಸ್ ಎಂಬ ಆಪ್ಷನ್ ಕೊಟ್ಟರೆ ಪ್ರಶ್ನೆ ತಪ್ಪುವುದಷ್ಟೇ ಅಲ್ಲ, ಹಳೆಯ ಟೇಬಲ್‌ಗಳೂ ಅಳಿಸಿಹೋಗುತ್ತವೆ ಎಂಬುದು ನಮ್ಮ ಐದು ಜನಕ್ಕೆ ಬಾಯಿಪಾಠ. ಎಲ್ಲೂ ಬರೆದಿರಲಿಲ್ಲ.

ನನಗೆ ಆಗ ನೆನಪಾದದ್ದು ನಮ್ಮ ಪಲ್ಪರ್ ಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಇರುವ ಜಾಗ. ಸ್ವಿಚ್ಚಿನ ಮೇಲೆ, ಗೋಡೆಯಲ್ಲಿ, ಅಪ್ಪ ಕೆಂಪು ಪೇಂಟ್‌ನಲ್ಲಿ ಬರೆದಿದ್ದಾರೆ: 'ನೀರು ಬಿಡದೆ ಸ್ವಿಚ್ ಹಾಕಬೇಡಿ. ಎಡಗಡೆ ವಾಲ್ವ್ ಬಿಗಿ ಇದೆ, ಎರಡು ಸುತ್ತು ಜಾಸ್ತಿ ತಿರುಗಿಸಿ.' ಮೊದಲು ಇದೆಲ್ಲ ಕಪಾಟಿನೊಳಗಿನ ನೋಟ್‌ಬುಕ್‌ನಲ್ಲಿತ್ತು. ಒಂದು ವರ್ಷ ಅರೇಬಿಕಾ ಕೊಯ್ಲಿನ ಹೊತ್ತಿಗೆ ಹೊಸ ರೈಟರ್, ಅಂದರೆ ತೋಟದ ಕೆಲಸ ನೋಡಿಕೊಳ್ಳುವವರು, ಬಂದರು. ಕಾಫಿ ಕೆಲಸ ಚೆನ್ನಾಗಿ ಬಲ್ಲವರು. ಹಣ್ಣು ಕೊಯ್ದ ದಿನವೇ ಪಲ್ಪ್ ಆಗಬೇಕಲ್ಲ, ಕತ್ತಲಾಗುತ್ತಿದೆ ಅಂತ ಅವಸರದಲ್ಲಿ ಸ್ವಿಚ್ ಹಾಕಿದರು. ವಾಲ್ವ್ ಅರ್ಧವೂ ತೆರೆದಿರಲಿಲ್ಲ. ಬೀಜ ಜಜ್ಜಿ ಹಾಳಾಯಿತು. ಅಪ್ಪ ಅವರಿಗೆ ಒಂದು ಮಾತೂ ಅನ್ನಲಿಲ್ಲ. ಮಾರನೇ ದಿನ ಪೇಂಟ್ ಡಬ್ಬಿ ಹಿಡಿದುಕೊಂಡು ಹೋದರು.

ಏಜೆಂಟ್‌ಗಳ ಹಿಂದಿರುವ ಎಐ ಮಾಡೆಲ್‌ಗಳು ದಿನೇ ದಿನೇ ಜಾಣವಾಗುತ್ತಿವೆ, ಅವಕ್ಕೆಂದು ಬೇರೆ ಬರೆಯುವುದು ವ್ಯರ್ಥ ಎನ್ನುವವರು ನಮ್ಮಲ್ಲಿ ಬಹಳ ಜನ. ನಾನು ಒಪ್ಪುವುದಿಲ್ಲ. ಕಾಫಿ ಬಲ್ಲ ರೈಟರಿಗೂ ನಮ್ಮ ವಾಲ್ವ್ ಬಿಗಿ ಇರುವುದು ಗೊತ್ತಿರಲಿಲ್ಲ. ಯಾರದೋ ತಲೆಯಲ್ಲಿ ಮಾತ್ರ ಇರುವ ವಿಷಯವನ್ನು ಯಾವ ಜಾಣತನವೂ ಹೊರಗೆ ತೆಗೆಯಲಾರದು.

ಬರೆಯುವ ಜಾಗಗಳು ಈಗ ಬೇಕಾದಷ್ಟಿವೆ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೋಪಿಕ್ ಎಂಸಿಪಿ ತಂದಿತು, ಮಾಡೆಲ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ವಿಧಾನ. ಅದರಲ್ಲಿ ಪ್ರತಿ ಟೂಲ್‌ಗೂ ಹೆಸರು, ವಿವರಣೆ, ಏನೇನು ಕೊಡಬೇಕು ಎಂಬ ಪಟ್ಟಿ ಇರುತ್ತದೆ. ಯಾವ ಟೂಲ್ ಎತ್ತಿಕೊಳ್ಳಬೇಕು ಅಂತ ಮಾಡೆಲ್ ಆ ವಿವರಣೆ ಓದಿಯೇ ತೀರ್ಮಾನಿಸುತ್ತದೆ. 2025ರಲ್ಲಿ ಏಜೆಂಟ್ಸ್ ಡಾಟ್ ಎಂಡಿ ಎಂಬ ಫೈಲ್, ಏಜೆಂಟ್‌ಗೆ ಪ್ರಾಜೆಕ್ಟಿನ ಸೂಚನೆ ಬರೆದಿಡುವ ಜಾಗ, ಬಳಕೆಗೆ ಬಂತು, ಆ ವರ್ಷದ ಕೊನೆಗೆ ಅದು ಓಪನ್ ಸೋರ್ಸ್ ಯೋಜನೆಗಳನ್ನು ನೋಡಿಕೊಳ್ಳುವ ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೂ ಹೋಯಿತು. ನಾವೂ ಉತ್ಸಾಹದಿಂದ ಒಂದು ಬರೆದೆವು, ಒಂಬೈನೂರು ಸಾಲು! ಏಜೆಂಟ್ ಒಮ್ಮೆಗೆ ತಲೆಯಲ್ಲಿಟ್ಟುಕೊಳ್ಳುವ ಜಾಗಕ್ಕೆ ಮಿತಿ ಇದೆ. ಅನಗತ್ಯದ್ದನ್ನು ತುಂಬಿದರೆ ಅಗತ್ಯದ್ದು ಅದರಡಿ ಹೂತುಹೋಗುತ್ತದೆ. ಈಗ ಅರವತ್ತು ಸಾಲಿದೆ: ಟೆಸ್ಟ್ ಓಡಿಸುವುದು ಹೇಗೆ, ಯಾವ ಫೋಲ್ಡರ್ ಮುಟ್ಟಬಾರದು, ಯಾಕೆ ಮುಟ್ಟಬಾರದು. ಆ 'ಯಾಕೆ'ಯನ್ನು ದಯವಿಟ್ಟು ಬಿಡಬೇಡಿ. ಕಾರಣ ಗೊತ್ತಿದ್ದರೆ ನಾವು ಊಹಿಸದ ಸಂದರ್ಭದಲ್ಲೂ ಏಜೆಂಟ್ ಸರಿಯಾಗಿ ನಡೆದುಕೊಳ್ಳುವ ಸಾಧ್ಯತೆ ಹೆಚ್ಚು.

ಆದರೆ ಆ ಫೈಲ್ ಕೂಡ ಒಂದು ರೀತಿ ಕಪಾಟಿನ ನೋಟ್‌ಬುಕ್ಕೇ. ಸ್ವಿಚ್ಚಿನ ಮೇಲಿನ ಗೋಡೆ ಅಂದರೆ ಎರರ್ ಮೆಸೇಜ್. ಮಾಡೆಲ್ ಕಲಿತದ್ದು ಹಳೆಯ ವರ್ಷನ್ ಆಗಿರಬಹುದು. ಈಗ ಇಲ್ಲದ ಆಪ್ಷನ್ ಅನ್ನು ಅದು ಧೈರ್ಯವಾಗಿ ಟೈಪ್ ಮಾಡುತ್ತದೆ. 'ತಪ್ಪು ಆಪ್ಷನ್' ಅಂತ ಮಾತ್ರ ಹೇಳಿದರೆ ಅದು ಇನ್ನೊಂದನ್ನು ಊಹಿಸುತ್ತದೆ. 'ಇದರ ಹೆಸರು ಬದಲಾಗಿದೆ, ಈಗ ಇದನ್ನು ಬಳಸಿ' ಅಂದರೆ ಅಲ್ಲಿಗೆ ಮುಗಿಯಿತು. ಕೆಲಸ ಕೆಟ್ಟಾಗಲೂ ಎಕ್ಸಿಟ್ ಕೋಡ್ ಸೊನ್ನೆ, ಅಂದರೆ 'ಕೆಲಸ ಸರಿಯಾಗಿ ಆಯಿತು' ಎಂಬ ಸಂಕೇತ, ಕೊಡುವ ಕಮಾಂಡ್‌ಗಳು ನಮ್ಮಲ್ಲಿ ಎರಡಿದ್ದವು. ಎಲ್ಲ ಸರಿ ಇದೆ ಅಂತ ಏಜೆಂಟ್ ನಂಬಿ ಮುಂದೆ ಹೋಗುತ್ತಿತ್ತು, ನಾವು ಅದನ್ನು ಸುಳ್ಳು ಹೇಳುತ್ತದೆ ಅಂತಿದ್ದೆವು.

ಕೆನ್ ಥಾಂಪ್ಸನ್, ಡೆನಿಸ್ ರಿಚಿ 1971ರಲ್ಲಿ ಬರೆದ, ತಾವೇ ಕಟ್ಟಿದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಕೈಪಿಡಿಯಲ್ಲೇ 'ಬಗ್ಸ್' (ದೋಷಗಳು) ಅಂತ ಒಂದು ವಿಭಾಗ ಇದೆ. ತಾವು ಮಾಡಿದ ಟೂಲ್‌ನ ಕೊರತೆಯನ್ನು ತಾವೇ ಬರೆದಿಟ್ಟರು. ನನಗೆ ಅದು ತುಂಬಾ ದೊಡ್ಡ ಗುಣವಾಗಿ ಕಾಣುತ್ತದೆ. ನಾವು ಅಂಥದ್ದನ್ನೆಲ್ಲ ಫೋನ್‌ನಲ್ಲಿ ಹೇಳಿ ಮುಗಿಸುತ್ತೇವೆ.

ಈ ಮಳೆಗಾಲ ಒಂದೊಂದೇ ಕಮಾಂಡ್ ತೆಗೆದುಕೊಂಡು ಕೂತಿದ್ದೇನೆ. ಹೊಸ ಸೆಷನ್‌ನಲ್ಲಿ ಏಜೆಂಟ್‌ಗೆ ಹೆಲ್ಪ್ ಬರಹ ಒಂದನ್ನೇ ಕೊಟ್ಟು, ಎಲ್ಲಿ ಎಡವುತ್ತದೆ ಅಂತ ನೋಡಿ, ಅಲ್ಲೇ ತಿದ್ದುವುದು. ಕರೆಂಟ್ ಹೋದರೆ ಯುಪಿಎಸ್ ಇರುವವರೆಗೆ. ಫೋರ್ಸ್ ವಿಷಯದ ಎರರ್ ಈಗ ಹೀಗಿದೆ: 'ಒಪ್ಪಿಗೆ ಸಿಕ್ಕಿಲ್ಲ, ಏನೂ ಬದಲಾಗಿಲ್ಲ. ಫೋರ್ಸ್ ಕೊಟ್ಟರೆ ಹಳೆಯ ಟೇಬಲ್‌ಗಳು ಅಳಿಸಿಹೋಗುತ್ತವೆ, ಮರಳಿ ಸಿಗುವುದಿಲ್ಲ. ಮೊದಲು ಮನುಷ್ಯರನ್ನು ಕೇಳಿ.'

ಹನ್ನೆರಡರಲ್ಲಿ ಐದು ಮುಗಿದಿವೆ. ಬ್ಯಾಕಪ್ ಕಮಾಂಡ್ ಮಾತ್ರ ನನಗೂ ಪೂರ್ತಿ ಅರ್ಥವಾಗಿಲ್ಲ; ಬರೆದ ಹುಡುಗ ಕೆಲಸ ಬಿಟ್ಟು ಎರಡು ವರ್ಷವಾಯಿತು. ನಿನ್ನೆ ಫೋನ್ ಮಾಡಿದ್ದೆ. 'ಭಾನುವಾರ ಬಿಡುವಾಗಿರ್ತೀನಿ ಅಕ್ಕ, ನಾನು ಹೇಳ್ತಾ ಹೋಗ್ತೀನಿ, ನೀವು ಬರ್ಕೊಳ್ಳಿ' ಅಂದಿದ್ದಾನೆ.